ಹೂವು ಇಡುವ ಮನೆ, ಹೂವು ತೆಗೆಯುವ ಮನೆ

ಅಕ್ಕನ ತಲೆಗೆ ಹೂವು ಇಡುವುದು ನನ್ನ ಕೆಲಸ. ತೆಗೆಯುವುದೂ ನನ್ನದೇ. ಇದಕ್ಕೆಲ್ಲ ಒಬ್ಬಳು ಬೇಕಾ ಎಂದು ಕೇಳುವವರು ಒಂದು ಶನಿವಾರ ನಮ್ಮ ಕಾರಿನಲ್ಲಿ ಕೂತು ನೋಡಬೇಕು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ವಯಸ್ಸಿನಲ್ಲಿ ನನ್ನ ಮಗಳಾಗಬೇಕು. ಅವರು ಮೇಲ್ಮನೆಯ ಶಾಸಕಿ. ಊರಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ಅವರಿಗೆ ನಾನು ದೊಡ್ಡಮ್ಮ. ಅವರಿಗೆ ಮತ ಹಾಕಿದ್ದು ಪಂಚಾಯತು, ಪುರಸಭೆಗಳ ಸದಸ್ಯರು ಮಾತ್ರ, ನಮ್ಮಂಥವರಲ್ಲ. ಆದರೆ ನಳ್ಳಿಯಲ್ಲಿ ನೀರು ಬಾರದವರು, ಗಂಡ ಹೊಡೆದವರು, ಗಂಡ ದುಬೈಯಿಂದ ಫೋನು ಮಾಡದವರು ಎಲ್ಲರೂ ಅವರ ಬಾಗಿಲಿಗೇ ಬರುತ್ತಾರೆ. ಮತ ಹಾಕದವರ ಬಾಯಿಯೇ ಜೋರು.

ನಾನು ಮೊದಲು ಬೀಡಿ ಕಟ್ಟುತ್ತಿದ್ದೆ. ನಮ್ಮ ಕಡೆ ಹೆಂಗಸಾಗಿ ಹುಟ್ಟಿದ ಮೇಲೆ ಇದೊಂದು ಬಂದೇ ಬರುತ್ತದೆ. ಬೆರಳು ಸೊಟ್ಟಗಾಗಿ ನೂಲು ಸುತ್ತಲು ಆಗದೆ ಹೋದಾಗ, ಅಕ್ಕನ ಕಚೇರಿಯಲ್ಲಿ ಚಾ ಮಾಡಲು ಸೇರಿಕೊಂಡೆ. ಚಾ ಮಾಡುವವಳು ಕಾರು ಹತ್ತಿದ್ದು ಹೇಗೆಂದರೆ, ಹೆಂಗಸು ಶಾಸಕಿಯ ಜೊತೆ ಇನ್ನೊಂದು ಹೆಂಗಸು ಇರಬೇಕು ಎಂದು ಅವರ ತಾಯಿ ಹಟ ಹಿಡಿದರು. ಅಕ್ಕ ಬೇಡ ಎಂದರು. ತಾಯಿ ಕೇಳಲಿಲ್ಲ. ಮೂರು ತಾಲೂಕು ನಾನು ನೋಡಿದ್ದು ಹೀಗೆ, ಕಾರಿನ ಹಿಂದಿನ ಸೀಟಿನಿಂದ.

ವಾರ ಶುರುವಾಗುವುದು ಬಂಟ್ವಾಳದಲ್ಲಿ. ಸೋಮವಾರ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಿನ ಮೇಲೆ ಜನ. ರಬ್ಬರು ಹಾಲು ತೆಗೆದು, ಕೈಯ ವಾಸನೆ ಸಹಾ ತೊಳೆಯದೆ ಬರುವವರು. ಗೇರುಬೀಜದ ಕಾರ್ಖಾನೆಯ ಹೆಂಗಸರು. ಬೆರಳಚ್ಚು ಮಿಷನಿಗೆ ಸಿಗುವುದಿಲ್ಲ ಎಂದು ಪಿಂಚಣಿ ನಿಂತ ಮುದುಕರು. ಆ ಬೆರಳುಗಳನ್ನು ನೋಡಿದರೆ ಮಿಷನಿನದು ತಪ್ಪಿಲ್ಲ ಅನಿಸುತ್ತದೆ, ಗೆರೆ ಎಂಬುದೇ ಉಳಿದಿಲ್ಲ. ಬುಧವಾರ ಬೆಳ್ತಂಗಡಿ. ಶುಕ್ರವಾರ ಮೂಡುಬಿದಿರೆ. ಊರು ಬೇರೆ, ಮಾತು ಒಂದೇ. ಅಕ್ಕ ಎಲ್ಲ ಕೇಳಿ, ಯಾರಿಗೋ ಫೋನು ಮಾಡಿ, ಕೊನೆಗೆ "ನೋಡುವ" ಎನ್ನುತ್ತಾರೆ. ಆ ಒಂದು ಮಾತಿಗೆ ಜನ ಅರ್ಧ ಹೊಟ್ಟೆ ತುಂಬಿದವರ ಹಾಗೆ ಎದ್ದು ಹೋಗುತ್ತಾರೆ. ಅರ್ಧ ಕೆಲಸ ಆಗುತ್ತದೆ. ಇನ್ನರ್ಧದವರು ಮುಂದಿನ ವಾರ ಪುನಃ ಬರುತ್ತಾರೆ, ನಾನು ಪುನಃ ಚಾ ಇಡುತ್ತೇನೆ.

ಶನಿವಾರ, ಭಾನುವಾರ ಮಾತ್ರ ಬೇರೆ. ಆ ಎರಡು ದಿನ ಜನ ಬರುವುದಿಲ್ಲ, ನಾವು ಜನರ ಮನೆಗೆ ಹೋಗಬೇಕು. ಮದುವೆ, ಗೃಹಪ್ರವೇಶ, ಬೊಜ್ಜ. ಬೊಜ್ಜ ಎಂದರೆ ಸತ್ತವರ ಹೆಸರಿನ ಊಟ. ಪತ್ರಿಕೆಯಲ್ಲಿ ಉತ್ತರಕ್ರಿಯೆ ಎಂದು ಅಚ್ಚು ಹಾಕಿಸುತ್ತಾರೆ. ಮದುವೆಗೆ ಬಾರದಿದ್ದರೆ ಜನ ಮರೆತಾರು. ಬೊಜ್ಜಕ್ಕೆ ಬಾರದ ಶಾಸಕರನ್ನು ಮರೆಯುವುದಿಲ್ಲ.

ಕಾರಿನಲ್ಲಿ ಅಕ್ಕನಿಗೆ ಯಾವ ಮನೆ ಎಂದು ತಲೆಗೆ ಹೋಗುವುದಿಲ್ಲ. ಹತ್ತಿದ ಕೂಡಲೇ ನಿದ್ದೆ. ಬಾಯಿ ತೆರೆದುಕೊಂಡು ನಿದ್ದೆ. ಡ್ರೈವರಿಗೆ ಮಾತ್ರ ಎಲ್ಲ ಗೊತ್ತು. ಇಳಿಯುವ ಮೊದಲು ಅವನು ಒಂದೇ ಮಾತು ಹೇಳುತ್ತಾನೆ, "ಮದುವೆ" ಇಲ್ಲವೇ "ಬೊಜ್ಜ". ಮದುವೆ ಎಂದರೆ ನಾನು ಬಾಳೆಲೆಯ ಕಟ್ಟು ಬಿಚ್ಚಿ ಮಲ್ಲಿಗೆ ತೆಗೆದು ಅವರ ತಲೆಗೆ ಇಡುತ್ತೇನೆ. ಬೊಜ್ಜ ಎಂದರೆ ತೆಗೆದು ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಕಾಲ ಬುಡದಲ್ಲಿ ಇಡುತ್ತೇನೆ. ಒಂದೇ ಮಲ್ಲಿಗೆ ಎಷ್ಟೋ ಮನೆಗೆ ಹತ್ತಿ ಇಳಿದು ಸಂಜೆಗೆ ಕಂದು ಬಣ್ಣವಾಗುತ್ತದೆ. ಅಕ್ಕನ ಮುಖವೂ ಅಷ್ಟೇ.

ಹೂವು ತೆಗೆದರೆ ಅಕ್ಕನಿಗೆ ಅರ್ಥವಾಗುತ್ತದೆ. ಸಾವಿನ ಮನೆಗೆ ಹೋಗುವ ಕ್ರಮವೇ ಬೇರೆ. ಹೊರಗಿನಿಂದ ಕರೆಯಬಾರದು, ಸುಮ್ಮನೆ ಹೋಗಿ ಕೂರಬೇಕು. ಹೊರಡುವಾಗ ಹೇಳಬಾರದು. ಬೇರೆ ಮನೆಯಲ್ಲಿ "ಬರ್ತೇನೆ" ಎನ್ನದೆ ಹೊರಟರೆ, ಇವರಿಗೆ ನಮ್ಮ ಮೇಲೆ ಸಿಟ್ಟಾ ಎನ್ನುತ್ತಾರೆ. ಸಾವಿನ ಮನೆಯಲ್ಲಿ "ಬರ್ತೇನೆ" ಎಂದರೆ, ಇಂಥದ್ದಕ್ಕೇ ಇನ್ನೊಮ್ಮೆ ಬರುತ್ತೇನೆ ಎಂದ ಹಾಗೆ. ಎದ್ದು, ತಿರುಗಿ ನೋಡದೆ, ನಡೆಯಬೇಕು. ಇದು ಮಕ್ಕಳಿಗೂ ಗೊತ್ತು. ಅಕ್ಕನಿಗೂ ಗೊತ್ತು.

ಹೀಗಿರುವಾಗ ಒಂದು ವಾರ ನನ್ನ ತಂಗಿ ಫೋನು ಮಾಡಿದಳು. ಅವಳು ಮಡಂತ್ಯಾರಿನಿಂದ ಒಳಗೆ, ಗುಡ್ಡೆಯ ಬದಿಯಲ್ಲಿ ಇರುವುದು. ಈಗಲೂ ಬೀಡಿ ಕಟ್ಟುತ್ತಾಳೆ. ಅವಳ ಊರಿನ ಬೀಡಿ ಬ್ರಾಂಚಿನವನು ಎದೆನೋವು ಬಂದು ತೀರಿಹೋಗಿದ್ದ. ಬ್ರಾಂಚೆಂದರೆ ಅವನ ಮನೆಯ ಜಗಲಿ, ಪಕ್ಕದಲ್ಲಿ ಒಂದು ಕೋಣೆ. ಕಂಪೆನಿಯವರು ಬೀಡಿ ಎಲೆ, ಹೊಗೆಸೊಪ್ಪು ಅಲ್ಲಿಗೆ ಕಳಿಸುತ್ತಾರೆ. ಹೆಂಗಸರು ಅದನ್ನು ಮನೆಗೆ ಒಯ್ದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ತಂದು ಕೊಡುತ್ತಾರೆ. ಬ್ರಾಂಚಿನವನು ನೋಡಿ, ಸರಿ ಇಲ್ಲದ್ದನ್ನು ಬಿಸಾಡಿ, ಉಳಿದದ್ದನ್ನು ತೆಗೆದುಕೊಳ್ಳುತ್ತಾನೆ.

"ಇನ್ನು ಬ್ರಾಂಚು ಮುಚ್ಚುತ್ತಾರಂತೆ," ಎಂದಳು ತಂಗಿ. "ಬೀಡಿ ಮಡಂತ್ಯಾರಿಗೆ ತಂದು ಕೊಡಿ ಅಂತ. ಈ ಗಂಟು ಹಿಡಿದ ಕಾಲಲ್ಲಿ ನಾನು ಗುಡ್ಡೆ ಇಳಿದು ಬಸ್ಸು ಹಿಡಿಯುದಾ? ನಿಮ್ಮ ಅಕ್ಕ ಬೊಜ್ಜಕ್ಕೆ ಬರ್ತಾರಲ್ಲ, ಒಂದು ಮಾತು ಹಾಕಿ ಇಡು."

"ಬೊಜ್ಜದ ಮನೆಯಲ್ಲಿ ಅರ್ಜಿ ಕೊಡ್ತೀರಾ?"

"ಮತ್ತೆ ಯಾವಾಗ ಕೊಡುದು? ಅವರು ನಮ್ಮ ಗುಡ್ಡೆಗೆ ಬರುದೇ ಯಾರಾದ್ರೂ ಸತ್ತರೆ."

ಅದೂ ಸುಳ್ಳಲ್ಲ. ನಾನು ಅಕ್ಕನಿಗೆ ಹೇಳಿದೆ. ತಂಗಿಯೊಬ್ಬಳ ವಿಷಯವಲ್ಲ, ಆ ಗುಡ್ಡೆಯ ಹೆಂಗಸರೆಲ್ಲ ಆ ಜಗಲಿಯನ್ನೇ ನಂಬಿದವರು. ಸತ್ತವನ ಹೆಂಡತಿಗೂ ಬೇರೆ ದಾರಿ ಇಲ್ಲ. ಗಂಡ ಜ್ವರದಲ್ಲಿ ಮಲಗಿದಾಗಲೆಲ್ಲ ಬೀಡಿ ನೋಡಿ ತೆಗೆದುಕೊಂಡದ್ದು ಅವಳೇ. ಅವಳಿಗೇ ಬ್ರಾಂಚು ಕೊಟ್ಟರೆ ಆಯಿತು. ಅಕ್ಕ "ನೋಡುವ" ಎಂದರು.

ಶನಿವಾರ ಬೆಳುವಾಯಿಯಲ್ಲಿ ಮದುವೆ. ಅಲ್ಲಿಂದ ಮೂಡುಬಿದಿರೆಯ ಸಭಾಭವನದಲ್ಲಿ ಇನ್ನೊಂದು. ಅದಾಗಿ ಒಂದು ಅಂಗಡಿಯ ಉದ್ಘಾಟನೆ, ಅಲ್ಲಿ ರಿಬ್ಬನು ಕತ್ತರಿಸುವ ಕತ್ತರಿ ಸಿಗದೆ ಬಿಸಿಲಲ್ಲಿ ನಿಂತದ್ದೇ ನಿಂತದ್ದು. ಎಲ್ಲ ಕಡೆಯೂ ಎರಡು ಕೈ ಜೋಡಿಸಿ, "ಆಯ್ತು, ಪುನಃ ಬರ್ತೇನೆ." ಎಲ್ಲ ಕಡೆಯೂ ಎಲೆಯ ಮುಂದೆ ಕೂತು ಎರಡು ತುತ್ತು. ವೇಣೂರಿನ ದಾರಿಯಾಗಿ ಬರುವಾಗ ಅಕ್ಕ ಸತ್ತವರ ಹಾಗೆ ಮಲಗಿದ್ದರು. ಗುಡ್ಡೆಯ ದಾರಿ ಹಿಡಿದಾಗ ಡ್ರೈವರು "ಬೊಜ್ಜ" ಎಂದ. ನಾನು ಹೂವು ತೆಗೆದೆ. ಅಕ್ಕ ಎದ್ದು ಸೆರಗು ಸರಿ ಮಾಡಿಕೊಂಡರು.

ಒಳಗೆ ಎಲ್ಲ ಸರಿಯಾಗಿಯೇ ಮಾಡಿದರು. ಸತ್ತವನ ಫೋಟೋದ ಎದುರು ಕೈಮುಗಿದರು. ಅವನ ಹೆಂಡತಿಯ ಕೈ ಹಿಡಿದು ಕೂತರು. ಒಳಗಿನ ಕೋಣೆಯಲ್ಲಿ ಸತ್ತವನ ತಾಯಿ ಮಲಗಿದ್ದಳು, ನನಗಿಂತಲೂ ಮುದುಕಿ, ಸೊಂಟ ಬಿದ್ದು ವರ್ಷಗಳಾಗಿದ್ದವು. ಅವಳ ಕಾಲೂ ಮುಟ್ಟಿದರು. ಊಟ ಮಾಡಿದರು. ಹೊರಗೆ ಬಂದು ಚಪ್ಪಲಿ ಹಾಕಿಕೊಂಡು, ಜಗಲಿಯಲ್ಲಿ ನಿಂತ ಹೆಂಗಸರ ಕಡೆ ತಿರುಗಿ, ಎರಡು ಕೈ ಜೋಡಿಸಿ ಹೇಳಿದರು:

"ಆಯ್ತು, ಪುನಃ ಬರ್ತೇನೆ."

ತಲೆಯಿಂದ ಹೂವು ಇಳಿದಿತ್ತು, ಬಾಯಿಯಿಂದ ಮದುವೆ ಇಳಿದಿರಲಿಲ್ಲ.

ಊಟದ ಎಲೆ ಎತ್ತುತ್ತಿದ್ದವರು ಎಲೆ ಹಿಡಿದುಕೊಂಡೇ ನಿಂತರು. ಸತ್ತವನ ಹೆಂಡತಿ ತಿರುಗಿ ಒಳಕೋಣೆಯ ಕಡೆ ನೋಡಿದಳು. ಎಲ್ಲರೂ ಆ ಕಡೆಯೇ ನೋಡಿದರು. ಆ ಮನೆಯಲ್ಲಿ ಇನ್ನು ಹೋಗಬೇಕಾದವರು ಯಾರೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬ್ರಾಂಚಿನ ಮಾತು ಎತ್ತಲು ಮುಂದೆ ಬಂದಿದ್ದ ನನ್ನ ತಂಗಿ ಕಂಬದ ಹಿಂದೆ ಸರಿದಳು.

ಕಾರು ಸ್ವಲ್ಪ ದೂರ ಬಂದ ಮೇಲೆ ಅಕ್ಕ ಕೇಳಿದರು.

"ದೊಡ್ಡಮ್ಮ, ನಾನು ಎಂತ ಹೇಳಿದೆ ಅಲ್ಲಿ?"

"ಬರ್ತೇನೆ ಅಂದ್ರಿ."

"ಅಯ್ಯೋ ದೇವರೇ."

ಡ್ರೈವರು, "ಯಾರಿಗೂ ಕೇಳಿರ್ಲಿಕ್ಕಿಲ್ಲ ಅಕ್ಕ," ಎಂದ.

"ಮೈಕಿನಲ್ಲಿ ಮಾತಾಡಿದ ಗಂಟಲು ಮಾರಾಯ," ಎಂದೆ. "ಗುಡ್ಡೆಯ ಆಚೆ ಮನೆಗೂ ಕೇಳಿದೆ."

ಅಕ್ಕ ಆ ದಿನ ಮತ್ತೆ ನಿದ್ದೆ ಮಾಡಲಿಲ್ಲ.

ಬುಧವಾರ ಬೆಳ್ತಂಗಡಿಗೆ ಬೀಡಿ ಕಂಪೆನಿಯ ಮ್ಯಾನೇಜರನ್ನು ಕರೆಸಿದರು. ಒಳ್ಳೆಯ ಮನುಷ್ಯ, ಚಾಕ್ಕೆ ಸಕ್ಕರೆ ಬೇಡ ಎಂದ. ಬ್ರಾಂಚು ಹೆಂಡತಿಗೆ ಕೊಡಲು ತನ್ನದೇನೂ ತಕರಾರಿಲ್ಲ, ಆದರೆ ನಾಳೆ ಸೊಪ್ಪು ಕಡಿಮೆ ಬಂತು, ಬೀಡಿ ಸುಮ್ಮನೆ ಬಿಸಾಡಿದಳು ಎಂದು ಹೆಂಗಸರು ಜಗಳ ತೆಗೆದರೆ ಗತಿ ಏನು ಎಂದ.

"ಗಂಡಸು ಇದ್ದಾಗಲೇ ಬೈದಾಡ್ತಿದ್ರು ಅಕ್ಕ. ನೀವು ಒಂದು ದಿನ ಆ ಜಗಲಿಯಲ್ಲಿ ಕೂತು ಎಲ್ಲರ ಎದುರು ಹೇಳಿ, ನಾನೂ ಬರ್ತೇನೆ. ನಿಮ್ಮ ಮಾತಿನ ಮೇಲೆ ಎಲೆ ಕಳಿಸ್ತೇನೆ. ಇಲ್ಲದಿದ್ರೆ ಈ ತಿಂಗಳಿಗೆ ಮುಗೀತು, ಎಲೆ ಮಡಂತ್ಯಾರಿಗೆ."

ಅಕ್ಕ ನನ್ನ ಮುಖ ನೋಡಿದರು. ನಾನು ಗ್ಲಾಸು ತೆಗೆದುಕೊಂಡು ಒಳಗೆ ಹೋದೆ.

ಯಾಕೆಂದರೆ ಅಷ್ಟರಲ್ಲಿ ತಂಗಿಯ ಫೋನು ಬಂದಾಗಿತ್ತು, ಅಕ್ಕನಿಗೂ ಹೇಳಿದ್ದೆ. ಮುದುಕಿಗೆ ಎರಡು ದಿನದಿಂದ ಉಸಿರು ಕಟ್ಟುತ್ತದೆ, ಅದು ಅಕ್ಕನ ಬಾಯಿಯಿಂದಲೇ ಎಂದು ಊರೆಲ್ಲ ಮಾತು. ಅಕ್ಕ ಈ ಗುಡ್ಡೆ ಹತ್ತುವುದು ಬೇಡ ಎಂದು ಸತ್ತವನ ಹೆಂಡತಿ ಹೇಳಿದ್ದಾಳೆ. ಬ್ರಾಂಚು ಬೇಕು, ಬ್ರಾಂಚು ಕೊಡಿಸುವವರು ಬರಬಾರದು.

"ನೀವು ಒಮ್ಮೆ ಹೋಗಿ ಮಾತಾಡಿ ಬನ್ನಿ ದೊಡ್ಡಮ್ಮ," ಎಂದರು ಅಕ್ಕ, ಮ್ಯಾನೇಜರು ಹೋದ ಮೇಲೆ. "ನಿಮ್ಮವರಲ್ವಾ?"

"ನನ್ನವರು ಅಂತ ನನ್ನ ಮಾತು ಕೇಳ್ತಾರಾ?" ಎಂದೆ. ಆದರೂ ಗುರುವಾರ ಬಸ್ಸು ಹತ್ತಿದೆ.

ಮಡಂತ್ಯಾರಿನಲ್ಲಿ ಇಳಿದು ರಿಕ್ಷಾ ಮಾಡಿದೆ. ಅವನು ಗುಡ್ಡೆಯ ಬುಡದಲ್ಲಿ ಇಳಿಸಿ, ಮೇಲೆ ಬಂದರೆ ಎಂಜಿನು ಕೂತು ಹೋಗುತ್ತದೆ ಎಂದ. ಬೈಯುತ್ತಾ ಹತ್ತಿದೆ. ತಂಗಿ ಇದನ್ನು ಬೀಡಿಯ ಕಟ್ಟು ತಲೆಯಲ್ಲಿ ಇಟ್ಟುಕೊಂಡು ಇಳಿಯಬೇಕು ಎಂದು ಆಗ ನೆನಪಾಯಿತು. ನಾನೂ ಇಳಿದವಳೇ, ಆ ಬ್ರಾಂಚು ಆಗುವುದಕ್ಕೆ ಮೊದಲು. ಮಳೆಗಾಲದಲ್ಲಿ ಜಾರಿ ಬಿದ್ದರೆ ಮೊದಲು ನೋಡುತ್ತಿದ್ದದ್ದು ಮೊಣಕಾಲನ್ನಲ್ಲ, ಬೀಡಿ ಒದ್ದೆಯಾಯಿತಾ ಎಂದು.

ಸತ್ತವನ ಹೆಂಡತಿ ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ತಕ್ಕಡಿ, ಗೋಣಿಚೀಲದಲ್ಲಿ ಉಳಿದ ಸ್ವಲ್ಪ ಎಲೆ. ಎದ್ದು ನೀರು ಬೆಲ್ಲ ಕೊಟ್ಟಳು. ನಾನು ಸುತ್ತು ಬಳಸಲಿಲ್ಲ.

"ಬಾಯಿತಪ್ಪಿ ಬಂದ ಮಾತು ಮಗಾ. ಆ ದಿನ ಎಷ್ಟು ಮನೆ ತಿರುಗಿದ್ರು ಅಂತ ನನಗೆ ಗೊತ್ತುಂಟು. ಅದಕ್ಕೆಲ್ಲ ಜನ ಸಾಯುದಿಲ್ಲ."

"ನನಗೆ ನಂಬಿಕೆ ಉಂಟಾ ಇಲ್ವಾ ಅನ್ನುದು ಬೇರೆ ದೊಡ್ಡಮ್ಮ," ಎಂದಳು. ತಗ್ಗಿದ ಸ್ವರದಲ್ಲೇ ಹೇಳಿದಳು, ಒಳಗೆ ಕೇಳಬಾರದೆಂದು. "ಅವರು ಬಂದು, ನಾಳೆ ಅತ್ತೆಗೆ ಎಂತದಾದ್ರೂ ಆದ್ರೆ ಈ ಹೆಂಗಸರೇ ಎಂತ ಹೇಳ್ತಾರೆ? ಬ್ರಾಂಚಿನ ಆಸೆಗೆ ಅತ್ತೆಯನ್ನು ಕಳಿಸಿದ್ಲು ಅಂತ. ದಿನಾ ಅವರ ಕೈಯಿಂದಲೇ ನಾನು ಬೀಡಿ ತಕ್ಕೊಳ್ಬೇಕಲ್ವಾ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಹೆಂಗಸರ ಬಾಯಿ ನನಗೆ ಗೊತ್ತಿಲ್ಲದ್ದಲ್ಲ, ನನ್ನದೂ ಅದೇ ಬಾಯಿ.

ಒಳಗಿನಿಂದ ಮುದುಕಿ ಕೂಗಿದಳು. "ಯಾರು ಅದು ಗುಸುಗುಸು ಮಾಡುದು? ಸೊಂಟ ಹೋದದ್ದು ನನ್ನದು, ಕಿವಿ ಹೋಗಿಲ್ಲ. ಇಲ್ಲಿ ಬಂದು ಮಾತಾಡಿ."

ಹೋದೆವು. ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಉಸಿರು ಜೋರಾಗಿಯೇ ಎಳೆಯುತ್ತಿದ್ದಳು, ಆದರೆ ಕಣ್ಣು ನೋಡಿದರೆ ಈ ವಾರ ಹೋಗುವವಳ ಹಾಗೆ ಕಾಣಲಿಲ್ಲ.

"ಅವಳು ಬರ್ತೇನೆ ಅಂದದ್ದು ನನಗೂ ಕೇಳಿದೆ," ಎಂದಳು. ಶಾಸಕಿಯನ್ನು ಅವಳು ಎಂದು ಕರೆಯುವ ಧೈರ್ಯ ಅವಳೊಬ್ಬಳಿಗೇ. "ಈಗ ಅವಳು ಬರುದು ಬೇಡ ಅಂತ ಇವಳು ಹೇಳ್ತಾಳೆ. ಆಯ್ತು, ಬರುದು ಬೇಡ. ನಾಳೆ ನಾನು ಸತ್ತರೆ ನನ್ನ ಬೊಜ್ಜಕ್ಕೆ ಬರ್ತಾಳಾ ಇಲ್ವಾ?"

"ಬರ್ತಾರೆ," ಎಂದೆ. ಬಾರದೆ ಇರಲು ಆಗುತ್ತದಾ?

"ಹ್ಞಾಂ. ಆಗ ನೀವೆಲ್ಲ ಎಲೆಯ ಮುಂದೆ ಕೂತು ಹೇಳ್ತೀರಿ, ಹೇಳಿದ ಹಾಗೇ ಬಂದ್ಲು ಅಂತ. ಬರ್ತೇನೆ ಅಂದ ಮೇಲೆ ಒಮ್ಮೆ ಬರ್ಲೇಬೇಕು. ಅದನ್ನು ನನ್ನ ಬೊಜ್ಜದವರೆಗೆ ಯಾಕೆ ಇಡ್ತೀರಿ? ನಾನಿರುವಾಗಲೇ ಬಂದು ಗಂಜಿ ಉಂಡು ಹೋಗ್ಲಿ. ಆ ಮಾತು ಅಲ್ಲಿಗೆ ಮುಗೀತದೆ."

ಸೊಸೆ, "ಅತ್ತೆ, ನಿಮಗೆ ಮೊದಲೇ ಉಸಿರು..." ಎಂದು ಶುರು ಮಾಡಿದಳು.

"ಉಸಿರು ಕಟ್ಟಿದ್ದು ಮಗ ಹೋದದ್ದಕ್ಕೆ," ಎಂದಳು ಮುದುಕಿ. "ಅದಕ್ಕೆ ಊರವರು ಯಾರ್ಯಾರ ಹೆಸರೋ ಹೇಳುದು ಬೇಡ."

ಸೊಸೆ ಮೂಗು ಒರೆಸಿಕೊಂಡು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, "ಭಾನುವಾರ ಬರ್ಲಿ," ಎಂದಳು. "ಎಲ್ಲರಿಗೂ ಹೇಳ್ತೇನೆ. ಅತ್ತೆಯೇ ಕರೆದದ್ದು ಅಂತ ನೀವು ಎಲ್ಲರ ಎದುರು ಹೇಳ್ಬೇಕು."

ಭಾನುವಾರ ಕಾರು ಗುಡ್ಡೆ ಹತ್ತುವಾಗ ಡ್ರೈವರು ಏನೂ ಹೇಳಲಿಲ್ಲ. ನಾನು ಬಾಳೆಲೆಯ ಕಟ್ಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

"ಎಂತ ಮಾರಾಯ, ಹೇಳು," ಎಂದೆ.

"ನನಗೆ ಗೊತ್ತಿಲ್ಲ ದೊಡ್ಡಮ್ಮ. ಇದು ಮದುವೆಯೂ ಅಲ್ಲ, ಬೊಜ್ಜವೂ ಅಲ್ಲ."

ಹೂವು ಇಟ್ಟುಕೊಂಡು ಹೋದರೆ, ಗಂಡ ಸತ್ತು ತಿಂಗಳಾಗದ ಹೆಂಗಸಿನ ಎದುರು ಮಲ್ಲಿಗೆ ಮೆರೆಸಿದ ಹಾಗೆ. ಇಡದೆ ಹೋದರೆ, ಸಾವಿಗೇ ಬಂದ ಹಾಗೆ. ಅಕ್ಕ, "ನೀವು ಹೇಳಿದ ಹಾಗೆ," ಎಂದರು. ಹಿಂದಿನ ದಿನ ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದ ಜಾಗ ನೋಡಲು ಹೋಗಿ, ರಾತ್ರಿ ಸರಿಯಾಗಿ ಮಲಗದೆ ಕಣ್ಣು ಬಾತಿತ್ತು. ಹೂವಿನ ವಿಷಯ ನಿರ್ಧಾರ ಮಾಡುವಷ್ಟು ಜೀವ ಅವರಲ್ಲಿ ಇರಲಿಲ್ಲ. ನನಗೂ ತಲೆ ಓಡಲಿಲ್ಲ. ಕಟ್ಟನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಇಳಿದೆ.

ಜಗಲಿ ತುಂಬ ಹೆಂಗಸರು. ಮ್ಯಾನೇಜರು ಒಂದು ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಯಾರೂ ಬನ್ನಿ ಎನ್ನಲಿಲ್ಲ. ಬೀಡಿ ಕಟ್ಟುವ ಒಬ್ಬಳು ಬ್ಯಾರಿ ಮುಸ್ಲಿಂ ಹೆಂಗಸು ಮಾತ್ರ ಸರಿದು ದಾರಿ ಬಿಟ್ಟಳು. ಅಕ್ಕ ನೇರ ಒಳಕೋಣೆಗೆ ಹೋದರು. ನಾನು ಹಿಂದೆ.

ಮುದುಕಿ ಅಕ್ಕನ ಮುಖ ನೋಡಲಿಲ್ಲ, ತಲೆ ನೋಡಿದಳು.

"ಹೂವು ಎಲ್ಲಿ?"

ನಾನು ಕಟ್ಟು ಮುಂದೆ ಹಿಡಿದೆ. "ಇಡುದಾ ಬೇಡವಾ ಅಂತ ಗೊತ್ತಾಗ್ಲಿಲ್ಲ."

"ಇಷ್ಟು ವಯಸ್ಸಾಯ್ತು, ಇದು ಗೊತ್ತಾಗ್ಲಿಲ್ವಾ?" ಎಂದು ನನ್ನನ್ನು ಬೈದು, ಕಟ್ಟನ್ನು ತೆಗೆದುಕೊಂಡಳು. ಅಕ್ಕನಿಗೆ, "ಬಗ್ಗು," ಎಂದಳು. ಅಕ್ಕ ಮಂಚದ ಪಕ್ಕ ಮೊಣಕಾಲೂರಿ ಬಗ್ಗಿದರು. ಮುದುಕಿ ತಾನೇ ಹೂವು ಇಟ್ಟಳು. ಸೊಟ್ಟಗೆ ಇಟ್ಟಳು, ಕಿವಿಯ ಹತ್ತಿರ ನೇತಾಡುತ್ತಿತ್ತು. ನನ್ನ ಕೆಲಸ ಇನ್ನೊಬ್ಬರು ಮಾಡಿದ್ದು ಅದೊಂದೇ ಸಲ, ಸರಿ ಮಾಡಲು ಕೈ ತುರಿಸಿತು, ಸುಮ್ಮನಿದ್ದೆ. ಉಳಿದ ತುಂಡನ್ನು ಸೊಸೆಯ ಕೈಗೆ ಕೊಟ್ಟು, "ಇದನ್ನು ತಕ್ಕಡಿಗೆ ಇಡು," ಎಂದಳು. ಸೊಸೆ ಬೇರೆ ಕಡೆ ಮುಖ ಮಾಡಿ ತೆಗೆದುಕೊಂಡಳು. ಆದರೆ ಇಟ್ಟಳು.

ಮತ್ತೆ ಜಗಲಿಯಲ್ಲಿ ನಾನು ಎದ್ದು, ಅಜ್ಜಿಯೇ ಕರೆದದ್ದು ಎಂದು ಎಲ್ಲರ ಎದುರು ಹೇಳಿದೆ. ಅಕ್ಕ ಹೆಚ್ಚು ಮಾತಾಡಲಿಲ್ಲ. ಇನ್ನು ಮೇಲೆ ಬೀಡಿ ನೋಡುವವಳು ಇವಳು, ತಕರಾರು ಇದ್ದರೆ ಇವಳಿಗೆ ಬೈಯಬೇಡಿ, ಸೋಮವಾರ ಬಂಟ್ವಾಳಕ್ಕೆ ಬಂದು ನನಗೆ ಬೈಯಿರಿ ಎಂದರು. ತಂಗಿ ಎದ್ದು, "ಬಸ್ಸು ಇದ್ರೆ ಬಂದೇವು, ಬಸ್ಸು ಯಾವಾಗ ಅಕ್ಕ?" ಎಂದಳು. ಆಗ ಎಲ್ಲರೂ ನಕ್ಕರು. ಅಕ್ಕ "ನೋಡುವ" ಎಂದರು. ಇನ್ನೂ ನಕ್ಕರು. ಮ್ಯಾನೇಜರು ಎಲೆ ಕಳಿಸುವುದಾಗಿ ಒಪ್ಪಿದ. ಮೊದಲಿಗಿಂತ ಕಡಿಮೆ ಕಳಿಸುತ್ತಾನೆ, ಅದು ಬೇರೆ ವಿಷಯ. ಈಗ ಅದೇ ತಂಗಿ ಫೋನು ಮಾಡಿ, ಗಂಡನಾದ್ರೂ ಪಾಪದವನು, ಇವಳು ಒಂದು ಬೀಡಿ ಸಡಿಲ ಇದ್ರೂ ಬಿಸಾಡ್ತಾಳೆ ಎಂದು ದೂರುತ್ತಾಳೆ. ಬಾಯಿ ಮುಚ್ಚಿ ಗಟ್ಟಿ ಕಟ್ಟು ಎನ್ನುತ್ತೇನೆ.

ಗಂಜಿ, ಒಣ ಸಿಗಡಿಯ ಚಟ್ನಿ ಕೊಟ್ಟರು. ಅಕ್ಕ ಆ ವಾರ ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ. ಎಲ್ಲ ಮುಗಿದು ಹೊರಗೆ ಬಂದು ಚಪ್ಪಲಿ ಹಾಕಿಕೊಂಡರು. ತಿರುಗಿದರು. ಕೈ ಜೋಡಿಸಿದರು. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಹೆಂಗಸರು ಅವರ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕ ಕೈ ಇಳಿಸಿ ಸುಮ್ಮನೆ ಮೆಟ್ಟಿಲು ಇಳಿಯತೊಡಗಿದರು.

ಒಳಗಿನಿಂದ ಮುದುಕಿಯ ಸ್ವರ ಬಂತು. "ಹೇಳದೆ ಹೋಗ್ತಾಳಾ? ಎಂತ, ಇಲ್ಲಿ ಹೆಣ ಉಂಟಾ ಮಾರಾಯ್ತಿ?"

ಅಕ್ಕ ನಿಂತರು. "ಬರ್ತೇನೆ ಅಜ್ಜಿ," ಎಂದರು. ಮೈಕಿನ ಸ್ವರವಲ್ಲ, ಜಗಲಿಗಷ್ಟೇ ಕೇಳುವ ಸ್ವರ.

"ಹ್ಞಾಂ, ಬಾ."

ಕಾರು ಗುಡ್ಡೆ ಇಳಿದು ರಸ್ತೆಗೆ ಬಂತು. ಡ್ರೈವರು ಕನ್ನಡಿಯಲ್ಲಿ ನೋಡಿ, "ಇನ್ನು ಚಾರ್ಮಾಡಿ. ಬೊಜ್ಜ," ಎಂದ. ನಾನು ಕೈ ಚಾಚಿದೆ.

"ಸ್ವಲ್ಪ ಹೊತ್ತು ಇರ್ಲಿ ದೊಡ್ಡಮ್ಮ," ಎಂದರು ಅಕ್ಕ. ಬೆಳ್ತಂಗಡಿ ಬರುವುದರೊಳಗೆ ನಿದ್ದೆ ಹೋಗಿದ್ದರು, ಹೂವು ಕಿವಿಯ ಹತ್ತಿರ ಜೋತುಬಿದ್ದಿತ್ತು. ಉಜಿರೆ ದಾಟಿದ ಮೇಲೆ ಮೆಲ್ಲಗೆ ತೆಗೆದು ಎಲೆಯಲ್ಲಿ ಸುತ್ತಿದೆ. ಅವರಿಗೆ ಎಚ್ಚರವಾಗಲಿಲ್ಲ.